ತವರಿನ ವಿಳಾಸ

ಹಂದಿಜ್ವರ ಹರಡಿದ ವರ್ಷ ನಾನು ಭೂಗೋಳದಲ್ಲಿ ಎಂ.ಎಸ್ಸಿ. ಮುಗಿಸಿ ಯಲಹಂಕದ ಆರೋಗ್ಯ ಕಚೇರಿಯೊಂದರಲ್ಲಿ ತಾತ್ಕಾಲಿಕ ಕೆಲಸಕ್ಕಿದ್ದೆ. ಸೋಂಕು ಖಚಿತವಾದವರ ಮನೆ ಎಲ್ಲಿದೆ, ಜ್ವರ ಯಾವತ್ತು ಶುರುವಾಯಿತು ಎಂದು ಕೇಳಿ, ಕಂಪ್ಯೂಟರಿನ ನಕ್ಷೆಯಲ್ಲಿ ಚುಕ್ಕೆ ಇಡಬೇಕು. ಮರುದಿನ ಜೀಪು ಆ ಚುಕ್ಕೆಗೆ ಹೋಗಿ, ಮನೆಯವರಿಗೂ ಅಕ್ಕಪಕ್ಕದವರಿಗೂ ಮಾತ್ರೆ ಕೊಟ್ಟು ಬರುತ್ತದೆ. ಕೆಲಸ ಇಷ್ಟೇ.

ಆದರೆ ಜೀಪು ಹೋದ ಎಷ್ಟೋ ಕಡೆ ರೋಗಿಗಳೇ ಸಿಗುತ್ತಿರಲಿಲ್ಲ. ಒಂದು ಮಧ್ಯಾಹ್ನ ರಾಜಾನುಕುಂಟೆಯಿಂದ ವಾಪಸಾದ ನರ್ಸಮ್ಮ ಚೀಲವನ್ನು ನನ್ನ ಮೇಜಿನ ಮೇಲೆ ಕುಕ್ಕಿದರು.

"ಅದು ಆ ಪೇಷೆಂಟ್ ಹುಡುಗಿ ತವರುಮನೆ ಕಣ್ರೀ. ಮದ್ವೆಯಾಗಿ ಹೋಗಿ ಯಾವ ಕಾಲ ಆಯ್ತೋ. ನಿಮ್ಮ ಚುಕ್ಕೆ ನಂಬ್ಕೊಂಡು ಅವರಪ್ಪನ ಹತ್ರ ಬೈಸ್ಕೊಂಡ್ ಬಂದೆ."

ನಾನು ಆ ಹುಡುಗಿಗೆ ಫೋನ್ ಮಾಡಿ, ಈಗ ಇರುವುದೆಲ್ಲಿ ಎಂದು ಕೇಳಿದೆ.

"ಅಟ್ಟೂರಲ್ಲಿ, ಬಾಡಿಗೆ ಮನೆ."

"ಮತ್ತೆ ತವರಿನ ವಿಳಾಸ ಯಾಕೆ ಕೊಟ್ರಿ?"

"ಹಿಂದಿನ ಬೀದಿಗೆ ನಿಮ್ಮ ಜೀಪ್ ಬಂತಲ್ಲ ಮೇಡಂ, ಸಂಜೆಗೆ ಅಲ್ಲಿನ ಓನರ್ ಆ ಜ್ವರದ ಮನೆಯವ್ರನ್ನ ಖಾಲಿ ಮಾಡ್ಸಿದ್ರು. ನಮ್ ಓನರ್ ಕೆಳಗೇ ಇರೋದು." ದನಿ ತಗ್ಗಿಸಿ, "ಪಾಪೂಗೂ ನಿನ್ನೆಯಿಂದ ಮೈ ಸುಡ್ತಿದೆ" ಎಂದಳು.

ನನಗೆ ರೇಗಿಹೋಯಿತು. ಮಗುವಿಗೆ ಜ್ವರ, ಔಷಧಿ ನಮ್ಮ ಬಳಿ, ಇವಳು ನಮ್ಮನ್ನು ಇನ್ನೊಂದು ಊರಿಗೆ ಓಡಿಸುತ್ತಿದ್ದಾಳೆ. ಬೈಯಲು ಮಾತ್ರ ಬಾಯಿ ಬರಲಿಲ್ಲ. ನಾನೂ ಆಟೋದವರಿಗೆ ಮನೆ ತೋರಿಸದೆ ಎರಡು ಗೇಟು ಮೊದಲೇ ಇಳಿಯುವವಳು.

ಯಾರ ಮನೆಗೆಂದು ಬಂದೆವೆನ್ನುವುದು ಗೊತ್ತಾಗದಂತೆ ಅವಳ ಬೀದಿಯ ಎಲ್ಲ ಮನೆಗೂ ಹೋಗೋಣ, ಮಾಲೀಕರ ಮನೆಯಿಂದಲೇ ಶುರು ಮಾಡೋಣ ಎಂದು ಅಧಿಕಾರಿಗೆ ಹೇಳಿದೆ.

"ಒಂದ್ ಚುಕ್ಕೆಗೆ ಇಡೀ ಬೀದಿನೇನ್ರೀ? ಹಾಗಾದ್ರೆ ನಕ್ಷೆ ಯಾಕೆ, ನೀವ್ ಯಾಕೆ?"

"ಮಾಲೀಕರೂ ಅಕ್ಕಪಕ್ಕದವರೇ ಸರ್. ಅವರಿಗೂ ಮಾತ್ರೆ ಬೇಕು."

ಗೊಣಗುತ್ತಲೇ ಜೀಪು ಕೊಟ್ಟರು. ಸಂಜೆ ನರ್ಸಮ್ಮನ ಜೊತೆ ನಾನೂ ಹೋದೆ. ಮಾಲೀಕರು ಮಾತ್ರೆ ಇಸಿದುಕೊಂಡು, "ಜ್ವರ ಗಿರ ಎಲ್ಲ ನಮ್ ಬೀದೀಲಿಲ್ಲ ಬಿಡಿ, ಮರ್ಯಾದಸ್ಥರೇ ಇರೋದು" ಎನ್ನುತ್ತ ಮೆಟ್ಟಿಲ ಬುಡದಲ್ಲೇ ನಿಂತರು. ಮೇಲೆ ಬಾಗಿಲು ತೆರೆದ ಹುಡುಗಿ ಕೆಳಗೆ ಕೇಳುವಷ್ಟು ಜೋರಾಗಿ, "ನಮ್ಮನೇಲಿ ಯಾರಿಗೂ ಏನೂ ಇಲ್ಲ ಮೇಡಂ" ಎಂದಳು. ಹಾಗೆನ್ನುತ್ತಲೇ ಮಗುವನ್ನು ನರ್ಸಮ್ಮನ ಕೈಗೆ ಕೊಟ್ಟಳು.