ಮೇಲಿನ ಮನೆಯ ಬಿಳಿ ಮುದ್ದೆ

ಪಕ್ಕದ ರೂಮಿನಲ್ಲಿ ಯಾರೋ ಮೆಕ್ಕೆಜೋಳದ ಹಿಟ್ಟು ಬೇಯಿಸುತ್ತಿದ್ದಾರೆ. ಆ ಹಬೆಗೆ ಚಿಕ್ಕಂದಿನಲ್ಲಿ ನಾವಿದ್ದ ವಡೋದರಾ ನೆನಪಾಯಿತು.

ನಮ್ಮ ಮೇಲಿನ ಮನೆಯ ಕೀನ್ಯಾ ವಿದ್ಯಾರ್ಥಿನಿಯರಿಗೆ ಮನೆ ಖಾಲಿ ಮಾಡಲು ಹೇಳಿ ಬಾ ಎಂದು ಹೌಸಿಂಗ್ ಸೊಸೈಟಿಯವರು ಅಪ್ಪನನ್ನು ಕಳಿಸಿದ್ದರು. ನಾನೂ ಹಿಂದೆ ಹೋದೆ. ಅಪ್ಪ ಬಾಯಿ ತೆರೆಯುವ ಮೊದಲೇ ಅವರಲ್ಲೊಬ್ಬಳಾದ ಗ್ರೇಸಕ್ಕ ಕೈ ತೊಳೆಯಲು ಅವನ ಕೈಗೆ ಬೆಚ್ಚಗಿನ ನೀರು ಸುರಿದಳು. "ಕರೀಬು ಅಂಕಲ್, ಪೆಹಲೇ ಖಾನಾ." ಬನ್ನಿ, ಮೊದಲು ಊಟ ಅಂತ.

ತಟ್ಟೆಯಲ್ಲಿ ಮೆಕ್ಕೆಜೋಳದ ಬಿಳಿ ಮುದ್ದೆ. ಉಂಡ ಮನೆಗೆ ಎರಡು ಬಗೆಯಬಾರದು ಅನ್ನುವವನು ಅಪ್ಪ. ತಿಂದರೆ ಖಾಲಿ ಮಾಡಿ ಅನ್ನುವಂತಿಲ್ಲ. ಅವನ ಕೈಯನ್ನೇ ನೋಡುತ್ತ ಕೂತೆ.

ಕೊನೆಗೆ ಮುರಿದು, ಸೊಪ್ಪಿನ ಪಲ್ಯ ಸೇರಿಸಿ, ಅಗಿಯದೆ ನುಂಗಿದ.

"ಅರೇ, ಚಬಾಕೇ ಖಾವೋ!" ಗ್ರೇಸಕ್ಕ ಹೆದರಿದಳು.

"ಮುದ್ದೆ ಅಗಿದ್ರೆ ಮಂಡ್ಯದೋರು ನಗ್ತಾರೆ ಕಣಮ್ಮ." ಅಪ್ಪ ಕನ್ನಡದಲ್ಲೇ ಅಂದ.

ಕೆಳಗೆ ಕಾಯುತ್ತಿದ್ದ ಸೊಸೈಟಿಯವರಿಗೆ, "ನನ್ನಿಂದಾಗಲ್ಲ, ನೀವೇ ಹೇಳ್ಕೊಳ್ಳಿ" ಅಂದ. ಅವರು ಹೇಳಿದರು. ಅಕ್ಕಂದಿರು ಮನೆ ಬಿಟ್ಟು ಹೋದರು.

ಈಗ ಫೋನ್ ಮಾಡಿ ಕೇಳಿದೆ, ನೀನು ತಡೀಬಹುದಿತ್ತಲ್ಲಪ್ಪ?

"ಊಟ ಆಯ್ತಾ?" ಅಂದ.