ತೀರಿಹೋದ ಓಬಣ್ಣನನ್ನು ಮಾತಾಡಿಸುವ ಪಂಪಾವತಿ

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಇನ್ನೂ ನಸುಗತ್ತಲು. ಮೆಣಸಿನಕಾಯಿ ಅಂಗಡಿಯ ಷಟರ್ ಅರ್ಧ ಎದ್ದಿದೆ, ಒಳಗೆಲ್ಲ ಲೋಬಾನದ ಹೊಗೆ. ಪಂಪಾವತಿ ಮೂಟೆಯ ಮೇಲೆ ಫೋನ್ ನಿಲ್ಲಿಸಿ ಗುಂಡಿ ಒತ್ತುತ್ತಾಳೆ. "ಬರ್ರಿ ಬರ್ರಿ, ಹೊಸಾ ಮಾಲ್ ಬಂದೈತಿ, ಬೋಣಿ ಮಾಡ್ರಿ!" ಎಂದು ಫೋನಿನೊಳಗಿಂದ ಓಬಣ್ಣ ಕೂಗುತ್ತಾನೆ. ಗಲ್ಲಾಪೆಟ್ಟಿಗೆಯ ಮೇಲೆ ಅವನ ಫೋಟೊ ಇದೆ. ಅದಕ್ಕೆ ಹಾರ ಬಿದ್ದು ಒಂದು ಬೇಸಿಗೆ ಕಳೆದಿದೆ.

ಪೇಟೆಯವರ ಬಾಯಲ್ಲಿ ಪಂಪಾವತಿ 'ಫೋನ್ ಒತ್ತಾಕಿ'. ವಿಸಿಟಿಂಗ್ ಕಾರ್ಡಿನಲ್ಲಿ ಸೋಷಿಯಲ್ ಮೀಡಿಯಾ ಸಲಹೆಗಾರ್ತಿ. ಹುಟ್ಟೂರು ಸಿರಿಗೇರಿ, ಅವ್ವನದು ಭತ್ತದ ಗದ್ದೆಯಲ್ಲಿ ಕೂಲಿ. ಇವಳಿಗೆ ಮೊದಲಿಂದಲೂ ದನಿಗಳ ಹುಚ್ಚು. ಬಸ್ ಕಂಡಕ್ಟರು, ಪಾತ್ರೆ ಮಾರುವವರು, ಜಗಳವಾಡುವ ಅತ್ತೆ ಸೊಸೆ, ಯಾರನ್ನೂ ಬಿಡದೆ ರೆಕಾರ್ಡ್ ಮಾಡುತ್ತಿದ್ದಳು. ಆ ಹುಚ್ಚೇ ಈಗ ಅನ್ನ ಹಾಕುತ್ತಿದೆ. ಕುರುಗೋಡಿನ ಸೀರೆ ಅಂಗಡಿ, ಸಿರುಗುಪ್ಪದ ಅಕ್ಕಿ ಗಿರಣಿಗಳ ಪೇಜುಗಳೂ ಇವಳ ಕೈಯಲ್ಲೇ. ದಿನಕ್ಕೆ ಹತ್ತಾರು ವಿಡಿಯೊ, ಮೂರು ಊರಿಗೆ ಬಸ್ಸು. "ಇದೂ ಒಂದು ಕೆಲ್ಸೇನವ್ವಾ ಅಂತಾರ್ರಿ. ಗಿರಾಕಿ ಬಂದ್ರ ಮತ್ತ ಅವ್ರೇ ಚಾ ತರಿಸ್ತಾರ" ಎಂದು ನಮಗೆ ಹೇಳುತ್ತಾಳೆ.

ಮೆಣಸಿನಕಾಯಿ ಅಂಗಡಿಯ ಯಜಮಾನ ಓಬಣ್ಣ ಹೋದ ಮೇಲೆ ಗಿರಾಕಿಗಳೂ ಹೋದರು. ಏನಾದರೂ ಮಾಡಿ ಅಂಗಡಿ ಉಳಿಸಿಕೊಡು ಎಂದು ಹೆಂಡತಿ ಈರಮ್ಮ ಸೆರಗೊಡ್ಡಿ ಬೇಡಿದಳು. ಪಂಪಾವತಿ ಹಳೆಯ ವಿಡಿಯೊಗಳಿಂದ ಅವನ ದನಿ ತೆಗೆದು ಎಐಗೆ ಕಲಿಸಿದಳು. ಟೈಪ್ ಮಾಡಿದ್ದನ್ನೆಲ್ಲ ಓಬಣ್ಣ ಆಡತೊಡಗಿದ, ವ್ಯಾಪಾರ ಕುದುರಿತು. ಅಷ್ಟಕ್ಕೇ ಬಿಡಬಾರದಿತ್ತೆ? ಮುದುಕಿಗೆ ಖುಷಿಯಾಗಲಿ ಎಂದು ಒಂದು ನಸುಕಿನಲ್ಲಿ "ಈರೀ, ಎದ್ದೇನು?" ಎಂದೂ ಅನ್ನಿಸಿ, ಅವಳ ಫೋನಿಗೆ ಕಳಿಸಿದಳು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು.

ಈ ಸೀಮೆಯಲ್ಲಿ ಹಿರಿಯರದೊಂದು ಮಾತಿದೆ. ಕತ್ತಲಲ್ಲಿ ಯಾರಾದರೂ ಒಂದೇ ಸಲ ಕರೆದರೆ ಓಗೊಡಬಾರದು. ಬದುಕಿದವರು ಮೂರು ಸಲ ಕರೆಯುತ್ತಾರೆ, ಸತ್ತವರು ಒಂದೇ ಸಲ. ಓ ಎಂದವರನ್ನು ಜೊತೆಗೇ ಒಯ್ಯುತ್ತಾರೆ. ಈರಮ್ಮ ಓ ಎಂದುಬಿಟ್ಟಳು. ಅಂದಿನಿಂದ ದಿನಾ ಅದೇ ಕರೆ ಹಾಕಿಕೊಂಡು ದಿನಾ ಓ ಎನ್ನುತ್ತಾಳೆ. ಊಟ ಬಿಟ್ಟು ಕಡ್ಡಿಯಾಗಿದ್ದಾಳೆ. "ಕರಿಯಾಕ ಹತ್ಯಾರ, ಹೋಗ್ತೀನಿ ಬಿಡವ್ವಾ" ಎಂದು ನಗುತ್ತಾಳೆ.  "ನನ್ನ ಕೈಯಾರ ಒಂದ್ ಜೀವ ಕಳೀತೀನೇನ್ರೀ?" ಎಂದು ಪಂಪಾವತಿ ನಮ್ಮ ಮುಂದೆ ಅಳುತ್ತಾಳೆ.

ಅವತ್ತೇ ಸಂಜೆ ಅವಳು ಓಬಣ್ಣನ ದನಿಯನ್ನು ಎಲ್ಲ ಕಡೆಯಿಂದ ಅಳಿಸುತ್ತಾಳೆ. ಈರಮ್ಮನ ಫೋನನ್ನೂ ಕಿತ್ತುಕೊಂಡು ತನ್ನ ಬ್ಯಾಗಿಗೆ ಹಾಕಿಕೊಳ್ಳುತ್ತಾಳೆ. ರಾತ್ರಿಯಿಡೀ ನಿದ್ದೆಯಿಲ್ಲ. ಬೆಳಕು ಹರಿಯುವ ಮೊದಲೇ ನಮ್ಮನ್ನೂ ಎಬ್ಬಿಸಿಕೊಂಡು ಓಡಿಬಂದರೆ, ಅಂಗಡಿಯ ಹಿಂದಿನ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ. ಈರಮ್ಮ ಒಲೆಯ ಮುಂದೆ ಕೂತಿದ್ದಾಳೆ.

"ಬಾ, ಉಣ್ಣು. ಇವತ್ತು ಮೂರು ಸಲ ಕರದ್ರವ್ವಾ" ಎನ್ನುತ್ತಾಳೆ. "ಬರಬ್ಯಾಡ, ಅಲ್ಲೇ ಇರು ಅಂದ್ರು."

ಪಂಪಾವತಿ ಬ್ಯಾಗಿನೊಳಗೆ ಕೈಹಾಕಿ ನೋಡುತ್ತಾಳೆ, ಈರಮ್ಮನ ಫೋನ್ ಅಲ್ಲೇ ಇದೆ. ಆಮೇಲೆ ನಮ್ಮ ಕಡೆ ತಿರುಗಿ ಮೆಲ್ಲಗೆ ಹೇಳುತ್ತಾಳೆ: "ಯಾರು ಕರದ್ರೋ ನಾ ಕೇಳಂಗಿಲ್ರಿ. ಆಯಮ್ಮ ಉಂಡ್ರ ಸಾಕು."