ಮಾವನ ಹಗ್ಗ, ನನ್ನ ಎಣಿಕೆ

ಮೊನ್ನೆ ತಲ್ಲೂರಿನ ನನ್ನ ರಿಪೇರಿ ಅಂಗಡಿಗೆ ಯಾರೋ ಒಂದು ಸ್ಪೀಕರ್ ತಂದಿದ್ದರು. ಗುಂಡಿಯನ್ನು ಮೂರು ಟಿಕ್ ತಿರುಗಿಸಿದರೆ ದನಿ ಒಂದೇ ಟಿಕ್ ಏರುತ್ತಿತ್ತು. ನನಗೆ ನಗು ಬಂತು. ಇದೇ ಕಾಯಿಲೆಯ ಯಂತ್ರವನ್ನು ನಾನೇ ಕಟ್ಟಿ, ನಾವುಂದದ ಸೋದರಮಾವ ಹೋಗುವ ದೋಣಿಯಲ್ಲಿಟ್ಟು ಮಾನ ಕಳೆದುಕೊಂಡವ ನಾನು, ನೋಡಿ.

ಮಾವ ಗಾಳದ ಹಗ್ಗ ಬಿಡುವವರು. ಎರಡು ಕೈ ಚಾಚಿದಷ್ಟು ಉದ್ದ ಒಂದು ಮಾರು, ಮಾರಿಗೊಂದು ಗಂಟು. ಅದನ್ನು ಅಂಗೈಯಲ್ಲೇ ಎಣಿಸಿ, ತುದಿಯ ಸೀಸದ ಗುಂಡನ್ನು ಕಡಲಡಿಯ ಕಲ್ಲಿಗಿಂತ ತುಸು ಮೇಲೆ ನಿಲ್ಲಿಸಬೇಕು. ಕಲ್ಲಿಗೆ ಸಿಕ್ಕಿದರೆ ಗಾಳವೆಲ್ಲ ಹೋಯಿತು. ಹೋದ ವರ್ಷ ಆ ಅಂಗೈ ಜೋಮು ಹಿಡಿಯಿತು. ದೋಣಿಯ ಯಜಮಾನ ಬೇರೆ ಜನ ಹುಡುಕುತ್ತಿದ್ದಾನೆಂದು ಅತ್ತೆ ಕಣ್ಣೊರೆಸಿಕೊಂಡಾಗ, ನಾನು ದೊಡ್ಡ ಪಂಡಿತನಂತೆ ಹಗ್ಗ ಹಾಯುವ ರಾಟೆಗೆ ಎನ್‌ಕೋಡರ್ ಕೂರಿಸಿದೆ. ರಾಟೆ ತಿರುಗಿದಂತೆ ಅದು ಎರಡು ತಂತಿಗಳಲ್ಲಿ ಮಿಡಿತ ಕಳಿಸುತ್ತದೆ. ಪುಟ್ಟ ಚಿಪ್ ಅದನ್ನೆಣಿಸಿ ಪರದೆಯಲ್ಲಿ ಮಾರು ತೋರಿಸಬೇಕು.

ಮೊದಲ ದಿನ ನಾನೂ ದೋಣಿಯಲ್ಲಿದ್ದೆ. ಅಲ್ಲಿ ಹದಿನೇಳು ಮಾರಿಗೆ ನಿಲ್ಲಿಸಬೇಕೆಂದು ಮಾವ ಹೇಳಿದ್ದರು; ಪರದೆ ಹದಿನಾರು ಎನ್ನುವಾಗಲೇ ಗುಂಡು ಕಲ್ಲಿನ ಸಂದಿ ಸೇರಿತ್ತು.

"ಎಂತ ಮಾಣಿ, ನಿನ್ ಮಿಷನ್ ನಿದ್ರಿ ಮಾಡತ್ತಾ?" ಎಂದರು ಮಾವ.

ನಿದ್ದೆಯಲ್ಲ. ಪರದೆಯಲ್ಲಿ ಅಂಕಿ ಬರೆಯುವ ಗಡಿಬಿಡಿಯಲ್ಲಿ, ಆ ಹೊತ್ತಿಗೆ ಬಂದ ಮಿಡಿತಗಳನ್ನು ಚಿಪ್ ನೋಡಿಯೇ ಇರಲಿಲ್ಲ.

"ಮುಂಚೆ ಕೈಯಲ್ಲ್ ಎಣ್ಸುವತ್ತಿಗೆ ನೀವ್ ಹಗ್ಗನ್ನೇ ಕಾಂತಾ ಕೂಕಂತಿದ್ರಾ ಮಾವ?"

"ಕಾಂಬುದೆಂತಕ್ಕೆ? ನಾನ್ ಪಟ್ಟಾಂಗ ಹೊಡಿತಿದ್ದೆ. ಗಂಟ್ ಕೈಗ್ ತಾಗ್ರೆ ಮಾತ್ ನಿಲ್ಸುದ್, ಒಂದ್ ಸೇರ್ಸುದ್, ಮತ್ ಬಿಟ್ಟಲ್ಲಿಂದ್ಲೇ ಮಾತ್."

"ಹಗ್ಗ ವಾಪಸ್ ಎಳೂವತ್ತಿಗೆ?"

"ದೊಡ್ಡ್ ಗಂಟಿನ್ ಹಿಂದೊಂದ್ ಸಣ್ಣ್ ಗಂಟ್ ಇತ್ತಲ್ಲ. ಸಣ್ಣದ್ ಮೊದ್ಲ್ ತಾಗ್ರೆ ಹಗ್ಗ ವಾಪಸ್ ಬತ್ತಿತ್ತ್ ಅಂದೇಳಿ ಲೆಕ್ಕ."

ಹೀಗೆ ಮಾತು ನಿಲ್ಲಿಸಿ, ಎಣಿಸಿ, ಬಿಟ್ಟಲ್ಲಿಗೇ ಮರಳುವುದಕ್ಕೆ ಪುಸ್ತಕದಲ್ಲಿ ಇಂಟರಪ್ಟ್ ಎನ್ನುತ್ತಾರೆ. ಎಷ್ಟೋ ಸಲ ಓದಿದ್ದೆ, ತಿಳಿದದ್ದು ಆವತ್ತು. ಆ ಅಂಗೈಯ ಬುದ್ಧಿಗೆ ಮನಸ್ಸಿನಲ್ಲೇ ಕೈಮುಗಿದೆ. ಪಿನ್ನಿಗೆ ಮಿಡಿತ ತಾಗಿದೊಡನೆ ಚಿಪ್ ಕೈಯಲ್ಲಿದ್ದ ಕೆಲಸ ಬಿಟ್ಟು, ಹಗ್ಗ ಇಳಿಯುತ್ತಿದೆಯೋ ಏರುತ್ತಿದೆಯೋ ಎಂದು ಎರಡನೇ ತಂತಿಯನ್ನೊಮ್ಮೆ ನೋಡಿ, ಒಂದು ಕೂಡಿಸಿಯೋ ಕಳೆದೋ ತಕ್ಷಣ ಹಿಂದಿರುಗುವಂತೆ ಬರೆದೆ. ಅಂಕಿ ತೋರಿಸುವ ಪಟ್ಟಾಂಗವೆಲ್ಲ ಪುರಸೊತ್ತಿನಲ್ಲಿ.

ಮರುವಾರ ಯಜಮಾನನೂ ದೋಣಿ ಹತ್ತಿದ. ಹಗ್ಗ ಸರಸರನೆ ಇಳಿಯಿತು. ಪರದೆ ಹದಿನೇಳಕ್ಕೆ ಬಂದದ್ದೇ ಮಾವ ಹಿಡಿದು ನಿಲ್ಲಿಸಿದರು. ಗುಂಡು ಕಲ್ಲು ಮುಟ್ಟಲಿಲ್ಲ.

ಯಜಮಾನ ಪರದೆಯನ್ನೇ ನೋಡುತ್ತ, "ಹಂಗಾರೆ ಇನ್ ಇಲ್ಲ್ ಯಾರ್ ಬೇಕಾರೂ ಕೂಕಣ್ಲಕ್. ಮಿಷನೇ ಎಣ್ಸತ್ತಲ್ಲ!" ಎಂದ.

ಮಾವನ ಜಾಗ ಉಳಿಸಲು ಹೋಗಿ ನಾನೇ ಅದನ್ನು ಕಸಿದೆನೇ?

ಮಾವ ನಿಧಾನಕ್ಕೆ ಎಲೆಯಡಿಕೆ ಉಗಿದರು. "ಹ್ವಾಯ್, ಅದ್ ಎಣ್ಸತ್ತ್ ಅಷ್ಟೇ. ಇಲ್ಲ್ ಎಷ್ಟ್ ಮಾರಿಗ್ ನಿಲ್ಸುದಂದೇಳಿ ಅದ್ರತ್ರ ಕೇಣಿ ಕಾಂಬ!"

ಯಜಮಾನ ಪರದೆ ಬಿಟ್ಟು ಮಾವನತ್ತ ತಿರುಗಿ, ಮುಂದಿನ ಜಾಗದಲ್ಲಿ ಎಷ್ಟು ಮಾರಿಗೆ ನಿಲ್ಲಿಸುವುದೆಂದು ಅವರನ್ನೇ ಕೇಳಿದ.

ಇವತ್ತು ಬೆಳಗ್ಗೆಯೂ ದೋಣಿ ಹೋಗಿದೆ. ಹಗ್ಗದ ಪಕ್ಕ ಮಾವನೇ ಕೂತಿದ್ದಾರೆ. ಎಣಿಸುವ ಬುದ್ಧಿ ಅವರ ಅಂಗೈಯದು; ಆ ಯಂತ್ರ ಕಟ್ಟಿದ್ದು ನಾನು ಎಂದು ಕಂಡವರಿಗೆಲ್ಲ ಹೇಳುವುದನ್ನು ನಾನೀಗ ಬಿಟ್ಟಿದ್ದೇನೆ.